ಕತ್ತರಿ ಹಿಡಿದ ಕೈ

ಮೊದಲ ಕೀಮೋ ಆದ 11ನೇ ದಿನ ಅಕ್ಕ ಫೋನ್ ಮಾಡಿದಳು. ‘ಸಂಜೆ ಪಾರ್ಲರಿಗೆ ಹೋಗಿ ಬರೋಣ, ಬರ್ತೀಯಾ?’ ಕೇಳಿದ್ದು ಅಷ್ಟೇ. ನನಗೆ ಅರ್ಥವಾಯಿತು. ಎರಡು ಮೂರು ವಾರದಲ್ಲಿ ಕೂದಲು ಉದುರಲು ಶುರುವಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಬೇಗ ಬೇಗ ಬೆಳೆಯುವ ಜೀವಕೋಶಗಳ ಮೇಲೆ ಬೀಳುವುದು ಆ ಔಷಧಿಯ ಕೆಲಸ. ಗಡ್ಡೆಯ ಕೋಶವೂ ಬೇಗ ಬೆಳೆಯುತ್ತದೆ, ಕೂದಲ ಬುಡದ ಕೋಶವೂ ಬೇಗ ಬೆಳೆಯುತ್ತದೆ. ಯಾವುದು ರೋಗ, ಯಾವುದು ಮುಡಿ ಎಂಬ ಭೇದ ಔಷಧಿಗೆ ತಿಳಿಯುವುದಿಲ್ಲ.

‘ಉದುರಲಿ ಅಂತ ಕಾಯ್ತಾ ಕೂರೋಕೆ ನನ್ನಿಂದಾಗಲ್ಲ ಕಣೆ. ದಿನಾ ಬೆಳಿಗ್ಗೆ ದಿಂಬಿನ ಮೇಲೆ ಅದನ್ನು ಆರಿಸೋದಕ್ಕಿಂತ ನಾನೇ ತೆಗೆಸಿಬಿಡ್ತೀನಿ’ ಎಂದಳು ಆಟೋದಲ್ಲಿ.

ಬೀದಿಯ ಕೊನೆಯಲ್ಲಿರುವ ಒಂದೇ ಕುರ್ಚಿಯ ಪಾರ್ಲರ್ ಅದು. ಅಲ್ಲಿನ ಹುಡುಗಿ ವರ್ಷಗಳಿಂದ ಅಕ್ಕನಿಗೆ ಹುಬ್ಬು ತಿದ್ದಿದವಳು, ವರ್ಷಕ್ಕೊಮ್ಮೆ ಜಡೆಯ ತುದಿ ಸಮ ಮಾಡಿದವಳು. ‘ಎಷ್ಟು ಆಂಟಿ, ತುದಿ ಮಾತ್ರನಾ?’ ಎಂದು ಕೇಳಿದಳು. ಅಕ್ಕ ಕತ್ತಿನ ಹತ್ತಿರ ಬೆರಳಿಟ್ಟು ತೋರಿಸಿದಳು. ಹುಡುಗಿ ಕನ್ನಡಿಯೊಳಗಿಂದಲೇ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಆಮೇಲೆ ಅವಳು ಒಂದು ಮಾತೂ ಆಡಲಿಲ್ಲ. ಸಿಕ್ಕು ಬಿಡಿಸಿ, ಬಾಚಿ, ಬಿಗಿಯಾಗಿ ಹೆಣೆದಳು. ಹೆಕ್ಕತ್ತಿನ ಹತ್ತಿರ ಒಂದು ರಬ್ಬರ್ ಬ್ಯಾಂಡ್, ತುದಿಗೆ ಒಂದು ಹಾಕಿದಳು. ದಪ್ಪ ಜಡೆ ಒಂದೇ ಏಟಿಗೆ ತುಂಡಾಗುವುದಿಲ್ಲ. ಕತ್ತರಿ ನಾಲ್ಕೈದು ಸಲ ಕಚ್ಚಿತು, ಒದ್ದೆ ಹುಲ್ಲು ಕೊಯ್ದ ಹಾಗೆ ಕರಕರ ಸದ್ದಾಯಿತು. ಕೈಗೆ ಬಂದ ಜಡೆಯನ್ನು ಅಕ್ಕ ಮಡಿಲಲ್ಲಿ ಇಟ್ಟುಕೊಂಡು ಸವರಿದಳು. ಇನ್ನೊಂದು ಕೈ ತಾನಾಗಿ ಕತ್ತಿನ ಹಿಂದಕ್ಕೆ ಹೋಯಿತು. ‘ಗಾಳಿ ತಾಗ್ತಿದೆ ಕಣೆ’ ಎಂದಳು. ನಲವತ್ತು ವರ್ಷಗಳಿಂದ ಅಲ್ಲಿಗೆ ಗಾಳಿ ಸೋಕಿರಲಿಲ್ಲ. ನೆಲಕ್ಕೆ ಬಿದ್ದ ಚೂರುಗಳನ್ನು ಆ ಹುಡುಗಿ ನಾವು ಹೊರಡುವವರೆಗೂ ಗುಡಿಸಲಿಲ್ಲ.

ಮನೆಗೆ ಬಂದು ಅಕ್ಕ ಹೊಲಿಗೆಯ ಟೇಪು ಹಿಡಿದು ಅಳೆದಳು. 26 ಅಂಗುಲ. ಕೂದಲು ತಿಂಗಳಿಗೆ ಸುಮಾರು ಅರ್ಧ ಅಂಗುಲ ಬೆಳೆಯುತ್ತದೆ. ಹಾಗಾದರೆ ಆ ಜಡೆಯ ತುದಿ ನಾಲ್ಕು ವರ್ಷಕ್ಕೂ ಹಿಂದಿನದು. ಮಗಳ ಮದುವೆಯ ದಿನ ಅದು ಬುಡದಲ್ಲಿತ್ತು, ಅಮ್ಮ ತೀರಿಕೊಂಡಾಗ ಕಿವಿಯ ಮಟ್ಟಕ್ಕೆ ಬಂದಿತ್ತು. ಅಕ್ಕನಿಗೆ ಈ ಲೆಕ್ಕ ಹೇಳಿದಾಗ ಅವಳು ಜಡೆಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು.

ಬದುಕು ಒಂದು ತಿರುವಿಗೆ ಬಂದಾಗಲೆಲ್ಲ ತಲೆಗೂದಲಿಗೆ ಕೈ ಹಾಕುವುದು ನಮ್ಮಲ್ಲಿ ಇಂದು ನಿನ್ನೆಯ ಪದ್ಧತಿಯಲ್ಲ. ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿ ಚೌಲ ಮಾಡುತ್ತೇವೆ. ಹರಕೆ ಹೊತ್ತವರು ತಿರುಪತಿಯ ಕಲ್ಯಾಣಕಟ್ಟೆಯಲ್ಲೋ, ನಂಜನಗೂಡಿನ ಕಪಿಲೆಯ ದಂಡೆಯಲ್ಲೋ, ಮಲೆ ಮಹದೇಶ್ವರ ಬೆಟ್ಟದಲ್ಲೋ ಮುಡಿ ಕೊಡುತ್ತಾರೆ. ಬಸುರಿಗೆ ಮಾಡುವ ಸೀಮಂತದ ಹೆಸರು ಬಂದಿರುವುದೇ ಕೂದಲಿನಿಂದ. ಸೀಮಂತ ಎಂದರೆ ಬೈತಲೆ. ಗಂಡನು ತನ್ನ ಹೆಂಡತಿಯ ಬೈತಲೆಯನ್ನು ಮುಳ್ಳುಹಂದಿಯ ಮುಳ್ಳಿನಿಂದ ಮೇಲಕ್ಕೆ ತೆಗೆಯುವುದು ಆ ಶಾಸ್ತ್ರದ ಮುಖ್ಯ ಕ್ರಿಯೆ. ನಾವಿಂದು ಅದನ್ನು ಬಳೆ, ಹಸಿರು ಸೀರೆ, ಊಟ ಎಂದಷ್ಟೇ ನೆನಪಿಟ್ಟುಕೊಂಡಿದ್ದೇವೆ. ಮೊಗ್ಗಿನ ಜಡೆ ಹಾಕಿಸಿಕೊಂಡು ಸ್ಟುಡಿಯೋಗೆ ಹೋಗಿ, ಬೆನ್ನ ಹಿಂದೆ ಕನ್ನಡಿ ಇಟ್ಟು ಜಡೆಯೂ ಮುಖವೂ ಒಟ್ಟಿಗೆ ಕಾಣುವ ಹಾಗೆ ತೆಗೆಸಿದ ಫೋಟೊ ನನ್ನ ವಯಸ್ಸಿನ ಬಹುಪಾಲು ಹೆಂಗಸರ ಮನೆಯಲ್ಲಿದೆ. ಹೈಸ್ಕೂಲು ಮುಗಿಯುವವರೆಗೆ ರಿಬ್ಬನ್ ಕಟ್ಟಿದ ಎರಡು ಜಡೆ, ಕಾಲೇಜಿನ ಮೊದಲ ದಿನದಿಂದ ಒಂದು ಜಡೆ. ಇದಕ್ಕೆ ಯಾವ ಶಾಸ್ತ್ರವೂ ಇರಲಿಲ್ಲ. ಆದರೂ ಪಿಯುಸಿಗೆ ಸೇರಿದ ದಿನ ಬೆನ್ನ ಮೇಲೆ ಒಂದೇ ಜಡೆ ಬಿದ್ದಾಗ ನಾನು ದೊಡ್ಡವಳಾದೆ ಅನ್ನಿಸಿದ್ದು ಈಗಲೂ ನೆನಪಿದೆ.

ಇವೆಲ್ಲ ಸಂತೋಷದ ಕೂದಲು. ಇನ್ನೊಂದು ಬಗೆಯದನ್ನೂ ನಾನು ನೋಡಿದ್ದೇನೆ.

ನಮ್ಮ ತಂದೆಯ ಸೋದರತ್ತೆಯೊಬ್ಬರು ನಮ್ಮ ಮನೆಯಲ್ಲಿಯೇ ಇದ್ದರು. ಮಕ್ಕಳೆಲ್ಲ ಅವರನ್ನು ಮಡಿ ಅಜ್ಜಿ ಎನ್ನುತ್ತಿದ್ದೆವು. ಕೆಂಪು ಸೀರೆ, ತಲೆ ತುಂಬ ಹೊದ್ದ ಸೆರಗು. ತಿಂಗಳಿಗೊಮ್ಮೆ ಹಿತ್ತಲಿನ ಬಾಗಿಲಿನಿಂದ ಕ್ಷೌರಿಕ ಬಂದಾಗ ನಮ್ಮನ್ನು ಅಂಗಳಕ್ಕೆ ಅಟ್ಟುತ್ತಿದ್ದರು. ಒಂದು ದಿನ ನಾನು ಬಚ್ಚಲಮನೆಯ ಕಿಟಕಿಯಿಂದ ಇಣುಕಿ ನೋಡಿದೆ. ಅಜ್ಜಿ ಬಾವಿಕಟ್ಟೆಯ ಪಕ್ಕ ಕುಕ್ಕುರುಗಾಲಿನಲ್ಲಿ ಕೂತಿದ್ದರು. ಅವರ ಕೈಗಳೆರಡೂ ಮೊಣಕಾಲನ್ನು ಬಿಗಿಯಾಗಿ ಹಿಡಿದಿದ್ದವು. ಮುಖ ಕಾಣುತ್ತಿರಲಿಲ್ಲ.

ನನಗೆ ದಿನವೂ ಜಡೆ ಹಾಕುತ್ತಿದ್ದವರು ಅದೇ ಅಜ್ಜಿ. ಕೊಬ್ಬರಿ ಎಣ್ಣೆ ತಟ್ಟಿ, ಬೈತಲೆಯನ್ನು ದಾರ ಹಿಡಿದಂತೆ ನೇರವಾಗಿ ತೆಗೆದು, ಕಣ್ಣು ಹುಬ್ಬು ಮೇಲೇಳುವಷ್ಟು ಬಿಗಿಯಾಗಿ ಹೆಣೆಯುತ್ತಿದ್ದರು. ಅಂಥ ಜಡೆ ನಮ್ಮ ಬೀದಿಯಲ್ಲಿ ಯಾರಿಗೂ ಹಾಕಲು ಬರುತ್ತಿರಲಿಲ್ಲ. ಕೊನೆಗೆ ಹೂ ಮುಡಿಸುವಾಗ ಮಾತ್ರ ‘ನಿಮ್ಮಮ್ಮನ್ನ ಕರಿ’ ಎಂದು ಎದ್ದು ಹೋಗುತ್ತಿದ್ದರು. ಹೂವು ಅವರ ಕೈಯಿಂದ ಆಗಬಾರದು. ಆಗ ನನಗೆ ಅದು ತಿಳಿಯಲಿಲ್ಲ. ಹೆಣೆಯುವ ಕೆಲಸ ಅಜ್ಜಿಯದು, ಹೂವಿನ ಕೆಲಸ ಅಮ್ಮನದು ಎಂದುಕೊಂಡಿದ್ದೆ. ತಿಳಿದಾಗ ಅಜ್ಜಿ ಇರಲಿಲ್ಲ. ವಿಧವೆಯಾದರೆಂದು ಹದಿಮೂರನೇ ವಯಸ್ಸಿಗೆ ಅವರ ಕೂದಲು ತೆಗೆಸಿದರಂತೆ. ಬೇಕೋ ಬೇಡವೋ ಎಂದು ಅವರನ್ನು ಯಾರೂ ಕೇಳಿರಲಾರರು.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರಲ್ಲಿ ಬಂತು. ತಮ್ಮ ಬಂಧುಬಳಗದಲ್ಲೇ ಬಾಳಿ ಹೋದ ಒಬ್ಬ ಬಾಲವಿಧವೆಯ ಬದುಕನ್ನು ಅವರು ಕಾದಂಬರಿ ಮಾಡಿದ್ದರು. ಪ್ರೇಮಾ ಕಾರಂತರು ಅದನ್ನು 1983ರಲ್ಲಿ ಸಿನಿಮಾ ಮಾಡಿದಾಗ ನಾನು ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಕೂದಲು ತೆಗೆಯುವ ದೃಶ್ಯ ಬಂದಾಗ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿಬಿಟ್ಟರು. ಅದಕ್ಕೂ ಮೊದಲು, 1977ರಲ್ಲಿ, ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ‘ಘಟಶ್ರಾದ್ಧ’ ಮಾಡಿದ್ದರು. ಅದರ ಕೊನೆಯಲ್ಲಿ ತಲೆ ಬೋಳಿಸಿ ಹೊರಹಾಕಿದ ಯಮುನಕ್ಕ ಒಬ್ಬಳೇ ಕೂತಿರುತ್ತಾಳೆ. ಆ ಚಿತ್ರ ನೋಡಿದವರು ಕಥೆ ಮರೆತರೂ ಆ ತಲೆಯನ್ನು ಮರೆತಿರುವುದಿಲ್ಲ. ಮಹಾರಾಷ್ಟ್ರದಲ್ಲಿ ಸತ್ಯಶೋಧಕ ಸಮಾಜದ ಸುಧಾರಣಾ ಚಳವಳಿಯ ಕಾಲಕ್ಕೆ ಕ್ಷೌರಿಕರೇ ಒಟ್ಟಾಗಿ, ವಿಧವೆಯರ ತಲೆ ಬೋಳಿಸುವುದಿಲ್ಲವೆಂದು ಮುಷ್ಕರ ಹೂಡಿದ್ದರು. ಕತ್ತಿ ಹಿಡಿದ ಕೈಗಳೇ ಇದು ಆಗದು ಎಂದವು. ಈ ಸಂಗತಿ ಓದಿದಾಗ ನಮ್ಮ ಹಿತ್ತಲಿಗೆ ಬರುತ್ತಿದ್ದ ಆ ಮನುಷ್ಯನೂ ನೆನಪಾದ. ಕೆಲಸ ಮುಗಿಸಿ ಹೋಗುವಾಗ ಅವನು ಅಜ್ಜಿಗೆ ಕೈಮುಗಿದು ಹೋಗುತ್ತಿದ್ದ.

ಹಾಗೆಂದು ಕೂದಲು ತೆಗೆಯುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಜೈನ ಮುನಿಗಳೂ ಮಾತಾಜಿಯರೂ ದೀಕ್ಷೆಯ ಹೊತ್ತಿಗೆ, ಆಮೇಲೆ ಕೆಲವು ತಿಂಗಳಿಗೊಮ್ಮೆ, ಕೇಶಲೋಚ ಮಾಡಿಕೊಳ್ಳುತ್ತಾರೆ. ಕತ್ತರಿಯಿಲ್ಲ, ಕತ್ತಿಯಿಲ್ಲ, ತಮ್ಮ ಕೈಯಿಂದಲೇ ಕೂದಲನ್ನು ಹಿಡಿ ಹಿಡಿಯಾಗಿ ಕಿತ್ತುಕೊಳ್ಳುತ್ತಾರೆ. ಶ್ರವಣಬೆಳಗೊಳದಲ್ಲಿ ಒಮ್ಮೆ ದೂರದಲ್ಲಿ ನಿಂತು ನೋಡಿದ್ದೆ. ನೋವಾಗುವುದಿಲ್ಲವೇ ಎಂದರೆ ಆಗುತ್ತದೆ. ಆದರೆ ಕೀಳುವ ಕೈಯೂ ಅವರದೇ, ತೀರ್ಮಾನವೂ ಅವರದೇ. ದ್ರೌಪದಿಯ ಬಿಚ್ಚಿದ ಮುಡಿಯೂ ಹಾಗೆಯೇ. ಪಂಪ, ರನ್ನ, ಕುಮಾರವ್ಯಾಸ ಯಾರನ್ನು ಓದಿದರೂ ಆ ಮುಡಿ ನಮ್ಮ ಕಣ್ಣಿಗೆ ಕಟ್ಟುತ್ತದೆ. ದುಶ್ಶಾಸನ ಹಿಡಿದು ಎಳೆದ ಮುಡಿಯನ್ನು ಮತ್ತೆ ಯಾವಾಗ ಕಟ್ಟಬೇಕು ಎಂಬುದನ್ನು ಅವಳೇ ನಿಶ್ಚಯಿಸಿದಳು. ಕಾಡಿನಲ್ಲೂ ವಿರಾಟನ ಮನೆಯಲ್ಲೂ 13 ವರ್ಷ ಅವಳು ಅವಮಾನವನ್ನು ಎಲ್ಲರ ಕಣ್ಣ ಮುಂದೆ ಇಟ್ಟುಕೊಂಡೇ ಓಡಾಡಿದಳು.

ಅಕ್ಕನ ಜಡೆ ಹೋದ ಮೇಲೆ ಒಂದು ವಿಷಯ ಗಮನಿಸಿದೆ. ತಲೆ ಬೋಳಿಸಿದ ಗಂಡಸು ಎದುರಾದರೆ ನಮ್ಮ ಜನ ಎರಡು ಕ್ಷಣ ತಡೆಯುತ್ತಾರೆ. ಮನೆಯಲ್ಲಿ ಸಾವಾಗಿರಬಹುದು ಎಂಬ ಅಳುಕು. ಮುಖ ನೋಡಿ ಧೈರ್ಯ ಬಂದ ಮೇಲೆ ಮೆಲ್ಲಗೆ ‘ತಿರುಪತಿಗೆ ಹೋಗಿದ್ರಾ?’ ಎನ್ನುತ್ತಾರೆ. ಅದು ನಮ್ಮ ಊರುಗಳು ತಲೆಮಾರುಗಳಿಂದ ಕಲಿತ ಮರ್ಯಾದೆ. ಗಂಡಸಿನ ತಲೆಯನ್ನು ಓದಲು ನಮಗೆ ಬರುತ್ತದೆ. ಹೆಂಗಸು ಕೂದಲು ಕತ್ತರಿಸಿಕೊಂಡು ಬಂದರೆ ಮಾತ್ರ ಆ ತಡೆಯೇ ಇರುವುದಿಲ್ಲ. ‘ಅಯ್ಯೋ, ಯಾಕ್ ಹಿಂಗ್ ಮಾಡ್ಕೊಂಡ್ರಿ? ಅಷ್ಟು ಚೆನ್ನಾಗಿತ್ತಲ್ಲ!’ ಅಕ್ಕ ಮನೆಯಿಂದ ಹಾಲಿನ ಬೂತಿಗೆ ಹೋಗಿ ಬರುವಷ್ಟರಲ್ಲಿ ಮೂವರು ಕೇಳಿದರು. ಒಬ್ಬರಿಗೂ ಉತ್ತರ ಬೇಕಿರಲಿಲ್ಲ. ನಾಲ್ಕನೆಯವರಿಗೆ ಅಕ್ಕ ನಿಜ ಹೇಳಿದಳು. ಆಕೆ ಅಲ್ಲೇ ಅತ್ತರು. ಅಕ್ಕನೇ ಸಮಾಧಾನ ಮಾಡಬೇಕಾಯಿತು.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬಾಕೆ ವಿಚ್ಛೇದನದ ಆದೇಶ ಕೈಗೆ ಬಂದ ಸಂಜೆ ಸೊಂಟದವರೆಗಿದ್ದ ಕೂದಲನ್ನು ಭುಜದ ಮಟ್ಟಕ್ಕೆ ಕತ್ತರಿಸಿಕೊಂಡಿದ್ದಳು. ಮರುದಿನ ಕಚೇರಿಯಲ್ಲಿ ಎಲ್ಲರೂ ಶೋಕಿ ಎಂದರು. ಎಷ್ಟೋ ವರ್ಷದ ಮೇಲೆ ಅವಳು ನನಗೆ ಹೇಳಿದಳು: ‘ಮನೆ ಅವರದು, ಸಾಮಾನು ಅವರದು. ಅವತ್ತು ನಾನೇ ಬದಲಾಯಿಸಬಹುದಾದ್ದು ಅಂತ ಇದ್ದದ್ದು ಇದೊಂದೇ.’ ಹೆರಿಗೆಯಾದ ಮೂರು ನಾಲ್ಕು ತಿಂಗಳಿಗೆ ಹಿಡಿ ಹಿಡಿ ಕೂದಲು ಉದುರುವಾಗ ಹೆದರಿ ಕತ್ತರಿಸಿಕೊಂಡ ಬಾಣಂತಿಯರನ್ನು ಕಂಡಿದ್ದೇನೆ. ಮತ್ತೆ ಬರುತ್ತದೆ, ಅದು ಸಹಜ ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ. ನಿವೃತ್ತಿಯ ಮರುದಿನ ಬಣ್ಣ ಹಚ್ಚುವುದನ್ನು ಬಿಟ್ಟು ಬಿಳಿಕೂದಲಲ್ಲಿ ಮಾರುಕಟ್ಟೆಗೆ ಹೊರಟ ಗೆಳತಿಯಿದ್ದಾಳೆ. ಅಕ್ಕನ ಮಗಳಂತೂ ಎರಡು ವರ್ಷ ಕತ್ತರಿ ತಾಗಿಸದೆ ಬೆಳೆಸಿ, ವಿಗ್‌ ಮಾಡಿಕೊಡುವವರು ಕೇಳುವ 12 ಅಂಗುಲ ಆದ ಮೇಲೆ ಕತ್ತರಿಸಿ ಕೊಟ್ಟಳು. ಇವರಲ್ಲಿ ಯಾರೂ ಚೆಂದಕ್ಕಾಗಿ ಮಾತ್ರ ಕನ್ನಡಿಯ ಮುಂದೆ ಕೂತವರಲ್ಲ. ಚೆಂದಕ್ಕಾಗಿ ಕೂತಿದ್ದರೂ ತಪ್ಪಿಲ್ಲ. ಮಡಿ ಅಜ್ಜಿಗೆ ಅಷ್ಟು ಸ್ವಾತಂತ್ರ್ಯವೂ ಇರಲಿಲ್ಲ ಎಂಬುದು ನನ್ನ ಎದೆಯಲ್ಲಿ ಇನ್ನೂ ಚುಚ್ಚುತ್ತದೆ.

ಚಿಕಿತ್ಸೆ ಮುಗಿದು ಅಕ್ಕನಿಗೆ ಈಗ ಒಂಬತ್ತು ತಿಂಗಳು. ಹುಟ್ಟಿದಾಗಿನಿಂದ ನೆಟ್ಟಗಿದ್ದ ಕೂದಲು ಈಗ ಗುಂಗುರಾಗಿ ಬಂದಿದೆ. ಕೀಮೋ ನಂತರ ಎಷ್ಟೋ ಜನರಿಗೆ ಹೀಗಾಗುತ್ತದೆ, ಬರಬರುತ್ತ ಮೊದಲಿನಂತಾಗಲೂಬಹುದು ಎಂದಿದ್ದಾರೆ ಡಾಕ್ಟರು. ಕಿವಿಯ ಹತ್ತಿರ ಸುರುಳಿ ಸುರುಳಿ, ನಡುವೆ ಬೆಳ್ಳಿಯ ಎಳೆಗಳು. ಜಡೆ ಹಾಕುವಷ್ಟು ಉದ್ದವಾಗಲು ಇನ್ನೂ ಕೆಲವು ವರ್ಷ ಬೇಕು. ‘ಬೆಳೆಸ್ತೀಯಾ?’ ಎಂದೆ. ‘ನೋಡೋಣ. ಈ ಗಾಳಿ ಅಭ್ಯಾಸ ಆಗಿಬಿಟ್ಟಿದೆ’ ಎಂದಳು. ಕಳೆದ ವಾರ ನಮ್ಮ ಗಿಡದ ಮಲ್ಲಿಗೆ ಕಟ್ಟಿ ಕೊಟ್ಟೆ. ಮುಡಿಯಲು ಜಡೆಯಿಲ್ಲವಲ್ಲ, ಒಂದು ಕ್ಲಿಪ್ಪಿಗೆ ಸಿಕ್ಕಿಸಿ ಕಿವಿಯ ಪಕ್ಕಕ್ಕೆ ಹಾಕಿಕೊಂಡಳು.

ನಿಮ್ಮ ಮನೆಯಲ್ಲೋ ಕಚೇರಿಯಲ್ಲೋ ಬಸ್ಸಿನಲ್ಲೋ ಪರಿಚಯದ ಹೆಣ್ಣುಮಗಳೊಬ್ಬಳು ನಾಳೆ ಕೂದಲು ಕತ್ತರಿಸಿಕೊಂಡು ಬಂದರೆ, ತಲೆ ಬೋಳಿಸಿದ ಗಂಡಸಿಗೆ ಕೊಡುವ ಆ ಎರಡು ಕ್ಷಣವನ್ನು ಅವಳಿಗೂ ಕೊಡಿ. ಯಾಕೆ ಎಂದು ಕೇಳಬೇಡಿ. ಹೇಗಿದ್ದೀಯಮ್ಮ ಎಂದು ಕೇಳಿ. ಹೇಳಬೇಕು ಅನ್ನಿಸಿದರೆ ಅವಳೇ ಹೇಳುತ್ತಾಳೆ.