ಯಾವುದು ನಿಷ್ಪ್ರತೀಕಾರ?

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನದ ಸಂದರ್ಭಗಳನ್ನು ಹೇಳುವಾಗ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳಿಗೆ ‘ನಿಷ್ಪ್ರತೀಕಾರ’ವೆಂಬ ವಿಶೇಷಣವನ್ನು ಸೇರಿಸಿದ್ದಾರೆ. ಪರಿಹಾರವಿಲ್ಲದ್ದು ಎಂದು ಅದರ ಅರ್ಥ. ಸಮಾಜವು ಮುಪ್ಪನ್ನು ನೆನಪಿಟ್ಟುಕೊಂಡು ಆ ವಿಶೇಷಣವನ್ನು ಮರೆತಂತಿದೆ.

ಕುಂದಗೋಳ ತಾಲೂಕಿನ ಸಂಶಿಯಂತಹ ಊರಿನಲ್ಲಿ ಎಪ್ಪತ್ತೈದು ದಾಟಿದ ಹಿರಿಯರೊಬ್ಬರ ಕೆನ್ನೆಯೊಳಗೆ, ದಿನವೂ ಎಲೆಯಡಿಕೆ ತಂಬಾಕು ಇಟ್ಟುಕೊಳ್ಳುತ್ತಿದ್ದ ಜಾಗದಲ್ಲಿಯೇ, ಮಾಯದ ಹುಣ್ಣೊಂದು ಕಾಣಿಸಿಕೊಂಡಿತೆನ್ನೋಣ. ಕ್ಯಾನ್ಸರ್ ಎಂದು ತಿಳಿದೊಡನೆ ಮನೆಯಲ್ಲಿ ಏಳುವ ಮಾತು: “ವಯಸ್ಸಾತಲ್ಲ, ಇನ್ನ ಯಾಕ ತ್ರಾಸ ಕೊಡೂದು?” ಕೇಳಲು ಇದು ಕರುಣೆಯೇ. ಅದರಲ್ಲಿ ಖರ್ಚಿನ ಭಯದ ಪಾಲೆಷ್ಟು, ಸುಗ್ಗಿಯ ಕೆಲಸದ ಪಾಲೆಷ್ಟು ಎಂಬುದನ್ನು ಆಡಿದವರೇ ಬಲ್ಲರು.

ವಯಸ್ಸೊಂದೇ ಅಳತೆಗೋಲಲ್ಲವೆಂಬುದು ಇಂದಿನ ವೈದ್ಯರ ನಿಲುವು. ಹಿರಿಯರು ತಾವಾಗಿ ನಡೆದಾಡುವರೇ, ತೂಕ ಇಳಿದಿದೆಯೇ, ಹೃದಯ ಮೂತ್ರಪಿಂಡಗಳು ಹೇಗಿವೆ, ನೆನಪು ಸರಿಯಿದೆಯೇ ಎಂದು ನೋಡಬೇಕು. ತ್ರಾಣವಿದ್ದು ಹುಣ್ಣು ಚಿಕ್ಕದಿದ್ದರೆ ಎಂಬತ್ತರ ದೇಹವೂ ಶಸ್ತ್ರಚಿಕಿತ್ಸೆಯನ್ನು ತಾಳಬಲ್ಲದು. ಅಂಥ ರೋಗವನ್ನು ನಿಷ್ಪ್ರತೀಕಾರವೆನ್ನುವುದು ಸುಳ್ಳಾಗುತ್ತದೆ.

ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಪೂರ್ಣ ವಿಕಿರಣ ಚಿಕಿತ್ಸೆಯೆಂದರೆ ವಾರಕ್ಕೆ 5 ದಿನದಂತೆ 6-7 ವಾರ. ಸಂಶಿಯಿಂದ ಹುಬ್ಬಳ್ಳಿಗೆ ರೈಲು ಇದೆ, ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯೂ ಇದೆ. ಆದರೆ ಬಾಯಿ ಬೆಂದ ಮುದುಕರಿಗೆ ಆ ಓಡಾಟವೇ ಪರೀಷಹ. ಜೊತೆಗೆ ಸಿಸ್ಪ್ಲಾಟಿನ್ ಔಷಧ ಸೇರಿದರೆ ಮೂತ್ರಪಿಂಡಕ್ಕೂ ಕಿವಿಗೂ ಪೆಟ್ಟು. ಅನೇಕ ಪ್ರಯೋಗಗಳ ಫಲವನ್ನು ಒಟ್ಟುಗೂಡಿಸಿ ನೋಡಿದಾಗ, ವಿಕಿರಣಕ್ಕೆ ಇಂಥ ಔಷಧ ಸೇರಿಸುವುದರ ಲಾಭವು ವಯಸ್ಸು ಏರಿದಂತೆ ಇಳಿದು, 70 ದಾಟಿದವರಲ್ಲಿ ಕಾಣದಂತಾಗಿದೆ. ತೀರ ನಿಶ್ಶಕ್ತರಿಗೆ ನೋವು, ರಕ್ತಸ್ರಾವ ತಗ್ಗಿಸುವ ಕೆಲವೇ ದಿನಗಳ ವಿಕಿರಣ, ಮಾರ್ಫಿನ್, ಬಾಯಿಯ ಆರೈಕೆ ಇವೆ. ಗುಣಪಡಿಸದಿದ್ದರೂ ಇವೂ ಚಿಕಿತ್ಸೆಯೇ.

ಹಾಗಾದರೆ ತೀರ್ಮಾನ ಯಾರದು? ವ್ರತವನ್ನು ಒಬ್ಬರ ಪರವಾಗಿ ಇನ್ನೊಬ್ಬರು ಸ್ವೀಕರಿಸಲಾಗದು. ಮಕ್ಕಳು ಚಿಕಿತ್ಸೆ ತಪ್ಪಿಸಿ ಅದನ್ನು ತಂದೆಯ ವೈರಾಗ್ಯವೆನ್ನುವಂತಿಲ್ಲ. ತಿಳಿದೂ ತಿಳಿದು ಆಪರೇಷನ್ ಬೇಡವೆಂದವರನ್ನು ಆತ್ಮಘಾತಿಗಳೆನ್ನುವುದೂ ಸಲ್ಲದು. ಮುಂದೆ ತಮಗೆ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟು 2018ರಲ್ಲಿ ಮಾನ್ಯ ಮಾಡಿದೆ. ಆದರೆ ಅನೇಕ ಮನೆಗಳಲ್ಲಿ ಹಿರಿಯರಿಗೆ ರೋಗದ ಹೆಸರನ್ನೇ ಹೇಳಿರುವುದಿಲ್ಲ! ಹೇಳಿ ಕೇಳಿದ್ದರೆ ಅವರು “ಗಂಜಿ ನುಂಗಾಕ ಬಂದ್ರ ಸಾಕು, ಮನ್ಯಾಗ ಇರ್ತೀನಿ” ಎನ್ನುತ್ತಿದ್ದರೇನೋ. “ಕೊಯ್ಸಿಬಿಡ್ರಿ, ಆದದ್ದಾಗ್ಲಿ” ಎಂದೂ ಅನ್ನುತ್ತಿದ್ದರೇನೋ.