ಮುಷ್ಕರ ಮತ್ತು ಶ್ರಾವಕಧರ್ಮ

ಕೈಯೆತ್ತಿ ಹೊಡೆಯುವುದು ಹಿಂಸೆಯೆಂಬುದನ್ನು ಯಾರೂ ಅಲ್ಲಗಳೆಯರು. ಕೈಕಟ್ಟಿ ಕೂಡುವುದೂ ಹಿಂಸೆಯಾಗಬಲ್ಲುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಜೈನ ಪರಂಪರೆಯಲ್ಲಿ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಲಾಗಿದೆ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸಬೇಕು. ಉಳಿದ ಮೂರನ್ನು ಎಚ್ಚರದಿಂದ ಕಡಿಮೆ ಮಾಡಿಕೊಳ್ಳಬೇಕು. ತನಗಾದ ಅನ್ಯಾಯವನ್ನು ತಡೆಯುವುದಕ್ಕಾಗಿ ಹೂಡಿದ ಮುಷ್ಕರವು ಮೇಲ್ನೋಟಕ್ಕೆ ವಿರೋಧೀ ವರ್ಗಕ್ಕೆ ಸೇರುವಂತೆ ತೋರುತ್ತದೆ. ಆದರೆ ಅದರ ಪೆಟ್ಟು ಎದುರಾಳಿಯ ಮೇಲೆ ಮಾತ್ರ ಬೀಳುವುದೇ ಎಂದು ನೋಡದೆ ಹಾಗೆಂದು ನಿರ್ಣಯಿಸಲಾಗದು.

ಹಂಗಾಮಿನ ಉದ್ಯೋಗಗಳಲ್ಲಿ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ಬಟ್ಟೆಯ ಅಂಗಡಿ ಎಂಟು ದಿನ ಮುಚ್ಚಿದರೆ ಬಟ್ಟೆ ಕೆಡುವುದಿಲ್ಲ. ಕಬ್ಬಿನ ಸ್ಥಿತಿ ಹಾಗಲ್ಲ. 1939ರಲ್ಲಿ ಸ್ಥಾಪಿತವಾದ ಉಗಾರ ಶುಗರ್ ವರ್ಕ್ಸ್‌ನ ನೆರಳಿನಲ್ಲಿ ಬೆಳೆದ ಉಗಾರ ಖುರ್ದಕ್ಕೂ ಕೃಷ್ಣಾತೀರದ ಸುತ್ತಲಿನ ಊರುಗಳಿಗೂ ಇದನ್ನು ವಿವರಿಸಬೇಕಾಗಿಲ್ಲ. ಕಡಿದ ಕಬ್ಬು ದಿನದಿಂದ ದಿನಕ್ಕೆ ತೂಕ ಕಳೆದುಕೊಳ್ಳುತ್ತದೆ, ಅದರಲ್ಲಿನ ಸಕ್ಕರೆಯ ಅಂಶವೂ ಇಳಿಯುತ್ತದೆ. ಮಾಗಿದ ಕಬ್ಬನ್ನು ಕಡಿಯದೆ ಬಿಟ್ಟರೆ ಅದು ಒಣಗುತ್ತದೆ. ಕುಳೆಯ ಬೆಳೆಯೂ ತಡವಾಗುತ್ತದೆ. ಹಂಗಾಮೆಂದರೆ ಹಲವರು ಕೂಡಿ ಹಂಚಿಕೊಳ್ಳುವ ಕಾಲ. ಬೆಳೆಗಾರ, ಕಾರ್ಖಾನೆ, ಟ್ರ್ಯಾಕ್ಟರ್ ಮಾಲೀಕ, ಕಬ್ಬು ಕಡಿಯುವ ಗ್ಯಾಂಗಿನ ಕೂಲಿಗಳು, ಇವರೆಲ್ಲರ ವರ್ಷದ ಅನ್ನ ಆ ಕೆಲವೇ ತಿಂಗಳುಗಳಲ್ಲಿದೆ.

2025ರ ಅಕ್ಟೋಬರ್ ಕೊನೆಯಲ್ಲಿ ಹಂಗಾಮು ಮೊದಲಾಗುವ ಹೊತ್ತಿಗೆ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಬೆಳೆಗಾರರು ಧರಣಿ ಕುಳಿತರು. ಟನ್ನಿಗೆ 3,500 ರೂಪಾಯಿ ದರ ಬೇಕೆಂಬುದು ಅವರ ಬೇಡಿಕೆ. ಚಳವಳಿ ಜಿಲ್ಲೆಯ ಇತರ ತಾಲ್ಲೂಕುಗಳಿಗೂ ಹಬ್ಬಿ ಹಲವು ಕಾರ್ಖಾನೆಗಳಲ್ಲಿ ಕಬ್ಬು ನುರಿಸುವ ಕೆಲಸ ನಿಂತಿತು. ನವೆಂಬರ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ನಡೆಸಿದ ಸಭೆಯ ತರುವಾಯ 3,300 ರೂಪಾಯಿಗೆ ಒಪ್ಪಂದವಾಯಿತು. ಅದರಲ್ಲಿ 50 ರೂಪಾಯಿಯನ್ನು ಸರ್ಕಾರವೇ ಹೊತ್ತಿತು. ಗುರ್ಲಾಪುರದ ಧರಣಿ ಬಹುಮಟ್ಟಿಗೆ ಶಾಂತವಾಗಿತ್ತು. ಆದರೆ ಅದೇ ದಿನ ಹತ್ತರಗಿ ಟೋಲ್ ನಾಕಾದ ಬಳಿ ಕಲ್ಲುತೂರಾಟ ನಡೆಯಿತು. ಕೆಲವೇ ದಿನಗಳಲ್ಲಿ ನೆರೆಯ ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳು ಬೆಂಕಿಗೆ ಆಹುತಿಯಾದವು.

ಬೆಂಕಿ ಯಾರದೇ ಆಗಿರಲಿ, ಅದರ ವಿಷಯದಲ್ಲಿ ಶ್ರಾವಕನಿಗೆ ಸಂದೇಹವಿರಲಾರದು. ಸಂದೇಹವಿರುವುದು ಶಾಂತವಾದ ಮುಷ್ಕರದ ವಿಷಯದಲ್ಲಿ. ಕಬ್ಬು ಕಡಿಯುವ ಕುಟುಂಬಗಳಲ್ಲಿ ಅನೇಕವು ಬೀಡ ಮೊದಲಾದ ಒಣ ಸೀಮೆಗಳಿಂದ ಮುಂಗಡ ಹಣ ಪಡೆದು ಬರುತ್ತವೆ. ಅವರ ಕೂಲಿ ಟನ್ನಿನ ಲೆಕ್ಕದ್ದು. ಕೆಲಸ ನಿಂತ ದಿನ ಗಳಿಕೆಯಿಲ್ಲ, ಮುಂಗಡದ ಸಾಲವೂ ತೀರುವುದಿಲ್ಲ. ದರ ಏರಿದರೆ ಅದರ ಲಾಭ ಅವರಿಗೆ ತಾನಾಗಿ ಮುಟ್ಟುವುದಿಲ್ಲ. ಅವರು ಈ ವಿವಾದದಲ್ಲಿ ವಾದಿಗಳೂ ಅಲ್ಲ, ಪ್ರತಿವಾದಿಗಳೂ ಅಲ್ಲ.

ಇದೇ ಮಾತು ಅತಿ ಶ್ರೀಮಂತರ ಕಲಹದಲ್ಲಿಯೂ ಕಂಡುಬರುತ್ತದೆ. ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಚೆಂಡುದಾಂಡಿನ ಆಟ ಬಹು ಜನಪ್ರಿಯವಾದುದು. ಆಟಗಾರರ ಸಂಬಳಕ್ಕೆ ಮಿತಿ ಹಾಕಬೇಕೆಂದು ತಂಡಗಳ ಮಾಲೀಕರು ಹಟಹಿಡಿದಾಗ 1994ರ ಆಗಸ್ಟ್ 12ರಿಂದ ವೃತ್ತಿಪರ ಆಟಗಾರರು ಮುಷ್ಕರ ಹೂಡಿದರು. ಸೆಪ್ಟೆಂಬರ್ 14ರಂದು ಆ ವರ್ಷದ ಉಳಿದ ಪಂದ್ಯಗಳೆಲ್ಲ ರದ್ದಾದವು. 1904ರ ನಂತರ ಮೊದಲ ಬಾರಿಗೆ ಅಂತಿಮ ಸರಣಿಯೇ ನಡೆಯಲಿಲ್ಲ. 232 ದಿನಗಳ ಬಳಿಕ, ನ್ಯಾಯಾಲಯದ ಆಜ್ಞೆ ಬಂದ ಮೇಲೆ, 1995ರ ಏಪ್ರಿಲ್ 2ರಂದು ಮುಷ್ಕರ ಮುಗಿಯಿತು. 114 ಪಂದ್ಯಗಳಲ್ಲಿ 74ನ್ನು ಗೆದ್ದು ಎಲ್ಲರಿಗಿಂತ ಮುಂದಿದ್ದ ಮಾಂಟ್ರಿಯಲ್ ತಂಡಕ್ಕೆ ಆ ಹಂಗಾಮು ಮರಳಿ ಬರಲಿಲ್ಲ. ಕ್ರೀಡಾಂಗಣದಲ್ಲಿ ತಿಂಡಿ ಮಾರುವವರೂ ಟಿಕೆಟ್ ಹರಿಯುವವರೂ ಕಳೆದುಕೊಂಡ ದಿನಗೂಲಿಯನ್ನು ಆಟಗಾರರೂ ತುಂಬಿಕೊಡಲಿಲ್ಲ, ಮಾಲೀಕರೂ ತುಂಬಿಕೊಡಲಿಲ್ಲ. ಎರಡೂ ಪಕ್ಷದವರು ತಮ್ಮ ತಮ್ಮ ಹಕ್ಕಿನ ಮಾತನ್ನೇ ಆಡಿದರು. ಒತ್ತೆಯಾದದ್ದು ಮೂರನೆಯವರ ಕಾಲ.

ಹಾಗೆಂದು ಮುಷ್ಕರ ಹೂಡಿದವರನ್ನೇ ದೋಷಿಗಳೆನ್ನುವುದು ಅವಸರದ ತೀರ್ಪು. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದಾಗಿ ಅನ್ನಪಾನನಿರೋಧವನ್ನು ಹೇಳುತ್ತದೆ. ತನ್ನನ್ನು ಆಶ್ರಯಿಸಿದ ಜೀವಿಗೆ ಹೊತ್ತಿಗೆ ಆಹಾರ ಸಿಗದಂತೆ ಮಾಡುವುದೇ ಅದು. ದುಡಿದವನಿಗೆ ಸಲ್ಲಬೇಕಾದ ಹಣವನ್ನು ತಡೆಹಿಡಿದವನಿಗೂ ಈ ಮಾತು ಅನ್ವಯಿಸದಿರದು. ಕಬ್ಬು ಮುಟ್ಟಿದ 14 ದಿನಗಳೊಳಗೆ ಬಿಲ್ಲು ಪಾವತಿಯಾಗಬೇಕು, ತಡವಾದರೆ ಶೇಕಡಾ 15ರ ಬಡ್ಡಿ ಕೊಡಬೇಕು ಎಂಬುದು 1966ರ ಕಬ್ಬು ನಿಯಂತ್ರಣ ಆದೇಶದ ವಿಧಿ. ಈ ವಿಧಿಯನ್ನು ಮೀರುವ ಕಾರ್ಖಾನೆ ಸದ್ದಿಲ್ಲದೆ ಒಂದು ಮುಷ್ಕರವನ್ನೇ ನಡೆಸುತ್ತಿರುತ್ತದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವೂ ಒಂದು; ಕೊಳ್ಳುವಾಗ ಒಂದು ಅಳತೆ, ಕೊಡುವಾಗ ಇನ್ನೊಂದು ಅಳತೆ. ತೂಕದ ಕಾಟಾದ ಮುಂದೆ ನಿಲ್ಲುವ ಪ್ರತಿಯೊಬ್ಬ ವ್ಯಾಪಾರಿಯೂ ನೆನಪಿಡಬೇಕಾದ ದೋಷವಿದು. ಕಾಟಾದಲ್ಲಿ ನಂಬಿಕೆ ಕಳೆದ ಮೇಲೆ ದರದ ಮಾತು ಶಾಂತವಾಗಿ ನಡೆಯುವುದು ಕಷ್ಟ.

ಇಲ್ಲಿ ಒಂದು ಬಲವಾದ ಆಕ್ಷೇಪವುಂಟು. ಯಾರಿಗೂ ನೋವಾಗದ ಮುಷ್ಕರಕ್ಕೆ ಕಿವಿಗೊಡುವವರಾರು? ಕಾರ್ಖಾನೆ ಕಾಯಬಲ್ಲುದು, ಕಬ್ಬು ಕಾಯಲಾರದು. ತನ್ನ ಬೆಳೆಯನ್ನು ಕೊಡದಿರುವುದೊಂದೇ ಬೆಳೆಗಾರನ ಕೈಯಲ್ಲಿರುವ ಬಲ. ಅದನ್ನೂ ಕಸಿದುಕೊಂಡು ಅಹಿಂಸೆಯ ಉಪದೇಶ ಮಾಡುವುದು ಬಲಿಷ್ಠನ ಪಕ್ಷ ವಹಿಸಿದಂತೆ. ಈ ಆಕ್ಷೇಪದಲ್ಲಿ ಸತ್ಯವಿದೆ.

ಇದಕ್ಕೆ ಉತ್ತರವನ್ನು 1918ರ ಅಹಮದಾಬಾದಿನಲ್ಲಿ ಹುಡುಕಬಹುದು. ಅಲ್ಲಿ ಮಿಲ್ ಮಾಲೀಕರ ಮುಂದಾಳು ಜೈನ ಮನೆತನದ ಅಂಬಾಲಾಲ ಸಾರಾಭಾಯಿ. ಕಾರ್ಮಿಕರ ಪರವಾಗಿ ನಿಂತವರು ಅವರ ಸ್ವಂತ ಅಕ್ಕ ಅನಸೂಯಾಬೆನ್. ಮಾಲೀಕರು ಶೇಕಡಾ 20ರ ಏರಿಕೆ ಎಂದರು, ಕಾರ್ಮಿಕರು 35 ಕೇಳಿದರು. ಹಿಂಸೆಗಿಳಿಯಬಾರದು, ಕೆಲಸಕ್ಕೆ ಹೋಗುವವರನ್ನು ಪೀಡಿಸಬಾರದು, ಭಿಕ್ಷೆಯನ್ನು ನೆಚ್ಚದೆ ಬೇರೆ ಪ್ರಾಮಾಣಿಕ ದುಡಿಮೆಯಿಂದ ಹೊಟ್ಟೆ ಹೊರೆಯಬೇಕು ಎಂಬ ನಿಯಮಗಳನ್ನು ಗಾಂಧೀಜಿ ಮುಂದಿಟ್ಟರು. ಅಂದರೆ ಮುಷ್ಕರದ ಭಾರವನ್ನು ಹೂಡಿದವರೇ ಹೊರಬೇಕು. ಕೊನೆಗೆ ಗಾಂಧೀಜಿ ಉಪವಾಸ ಹಿಡಿದರು, ಪಂಚಾಯತಿಗೆ ಒಪ್ಪಿಗೆಯಾಯಿತು, ಆನಂದಶಂಕರ ಧ್ರುವರ ತೀರ್ಪಿನಂತೆ 35 ದೊರೆಯಿತು. ಆದರೂ ಆ ಉಪವಾಸ ಸ್ನೇಹಿತರಾದ ಮಾಲೀಕರ ಮೇಲೆ ಒತ್ತಡ ತಂದದ್ದರಿಂದ ಅದರಲ್ಲಿ ದೋಷವಿತ್ತೆಂದು ಗಾಂಧೀಜಿಯೇ ತಮ್ಮ ಆತ್ಮಕಥೆಯಲ್ಲಿ ಬರೆದರು. ಗೆದ್ದ ಮೇಲೆಯೂ ತನ್ನ ಸಾಧನವನ್ನು ಪರೀಕ್ಷಿಸುವ ಈ ಬುದ್ಧಿ ಜೈನರ ಪ್ರತಿಕ್ರಮಣಕ್ಕೆ ಹತ್ತಿರವಾದುದು.

ಆದ್ದರಿಂದ ಮುಷ್ಕರವನ್ನು ತೂಗುವಾಗ ಶ್ರಾವಕನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ತಡೆಹಿಡಿದ ವಸ್ತು ತನ್ನದೇ? ಕಡಿಯದೆ ನಿಲ್ಲಿಸಿದ ಸ್ವಂತ ಕಬ್ಬು ತನ್ನದು. ರಸ್ತೆಯಲ್ಲಿ ತಡೆದ ಮತ್ತೊಬ್ಬನ ಗಾಡಿ ತನ್ನದಲ್ಲ. ಮಾತುಕತೆಯ ಬಾಗಿಲು ತೆರೆದಿದೆಯೇ? ಮೂರನೆಯವನ ನಷ್ಟವನ್ನು ಲೆಕ್ಕಕ್ಕೆ ಹಿಡಿಯಲಾಗಿದೆಯೇ? ಬಿಲ್ಲು ತಡೆಯುವ ಮಾಲೀಕನಿಗೂ ಇವೇ ಪ್ರಶ್ನೆಗಳು. ಮೂರಕ್ಕೂ ನೇರವಾಗಿ ಉತ್ತರಿಸಬಲ್ಲವನ ವಿರೋಧ ವಿರೋಧೀ ವರ್ಗದಲ್ಲಿ ಉಳಿಯುತ್ತದೆ. ಮೂರನೆಯವನ ಹಸಿವನ್ನು ಅರಿತೂ ಅದನ್ನೇ ಅಸ್ತ್ರವಾಗಿಸಿಕೊಂಡವನದು ಸಂಕಲ್ಪೀ ಹಿಂಸೆಯತ್ತ ಜಾರುತ್ತದೆ.

ಈ ಭಾಗದ ಜೈನ ಸಮಾಜದಲ್ಲಿ ಬೆಳೆಗಾರರೂ ಇದ್ದಾರೆ, ವ್ಯಾಪಾರಿಗಳೂ ಇದ್ದಾರೆ, ಸಹಕಾರಿ ಸಂಸ್ಥೆಗಳ ಹೊಣೆ ಹೊತ್ತವರೂ ಇದ್ದಾರೆ. ವಿವಾದದ ಎರಡೂ ಕಡೆಯವರು ಒಂದೇ ಬಸದಿಯಲ್ಲಿ ಪೂಜೆಗೆ ಕೂಡುತ್ತಾರೆ. ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯಾದ ಮೇಲೆ ದೀಪಾವಳಿಗೆ ಇನ್ನೂ ಕೆಲವು ವಾರಗಳಿರುತ್ತವೆ. ವ್ಯಾಪಾರಿ ಹೊಸ ವಹಿ ತೆರೆಯುವುದೂ, ಕಾರ್ಖಾನೆ ಬಾಯ್ಲರ್ ಹೊತ್ತಿಸುವುದೂ ಸುಮಾರು ಅದೇ ಸಮಯಕ್ಕೆ. ದರ, ತೂಕ, ಬಾಕಿಗಳ ಲೆಕ್ಕವನ್ನು ಮುಂದಿಟ್ಟುಕೊಂಡು ಕುಳಿತು ಮಾತನಾಡಲು ಈ ವಾರಗಳೇ ಯೋಗ್ಯ. ಕಬ್ಬು ಕಡಿದು ಗಾಡಿ ತುಂಬಿದ ಮೇಲೆ ಯಾರಿಗೂ ತಾಳ್ಮೆಯಿರುವುದಿಲ್ಲ. ಕಬ್ಬಿನ ಜಮೀನುಳ್ಳ ಟ್ರಸ್ಟುಗಳೂ ಕುಟುಂಬಗಳೂ, ಮುಷ್ಕರದಿಂದ ಹೆಚ್ಚಿದ ದರದಲ್ಲಿ ಒಂದು ಪಾಲನ್ನು ತಮ್ಮ ಹೊಲದ ಗ್ಯಾಂಗಿನವರ ಖಾಲಿ ದಿನಗಳ ಕೂಲಿಗೆ ತೆಗೆದಿಡುವುದು ಉಚಿತ. ಅದನ್ನು ದಾನದ ಕಲಮಿನಲ್ಲಿ ಬರೆಯಬೇಕಾಗಿಲ್ಲ. ವಹಿಯಲ್ಲಿ ಅದರ ಸ್ಥಾನ ತೀರಿಸಬೇಕಾದ ಸಾಲದ ಕಡೆಗೆ.