ಎಲ್ಲರ ಹೆಸರನ್ನು ಯಾರು ಹೇಳಬೇಕು?

ಅತ್ತಿಗುಪ್ಪೆಯ ನಮ್ಮ ಬೀದಿಯ ದೇವಸ್ಥಾನದಲ್ಲಿ ಅತ್ತೆ ಅರ್ಚನೆಗೆ ನಿಂತರೆ ಹಿಂದಿನವರು ಗಡಿಯಾರ ನೋಡತೊಡಗುತ್ತಾರೆ. ಗೋತ್ರ ಒಂದೇ ಸಲ. ನಕ್ಷತ್ರ, ರಾಶಿ, ಹೆಸರು ಮಾತ್ರ ಮೊಮ್ಮಕ್ಕಳವರೆಗೆ ಒಬ್ಬೊಬ್ಬರದೂ ಆಗಬೇಕು. “ಸಹಕುಟುಂಬ ಅಂದ್ರೆ ಸಾಕಮ್ಮ, ಎಲ್ಲರೂ ಬಂದ್ರಲ್ಲ” ಎಂಬುದು ನಮ್ಮ ಮನೆಯವರ ವಾದ. ಬಿಸಿಎ ಮಕ್ಕಳಿಗೆ ಸಿ ಪಾಠ ಹೇಳುವ ನನಗೆ ಈ ಜಗಳ ಟರ್ಮಿನಲ್‌ನಲ್ಲೂ ಕಾಣುತ್ತದೆ.

ಯುನಿಕ್ಸ್‌ನಲ್ಲಿ ಪ್ರೋಗ್ರಾಂ ಹೆಸರಿನ ಮುಂದೆ ‘ಸ್ಟಾರ್ ಡಾಟ್ ಸಿ’ (ಡಾಟ್ ಸಿ ಎಂದು ಮುಗಿಯುವ ಎಲ್ಲ ಕಡತಗಳು) ಎಂದು ಕೊಟ್ಟರೆ, ಹೊಂದುವ ಕಡತಗಳಿದ್ದಲ್ಲಿ, ಮೇನ್ ಫಂಕ್ಷನ್‌ನ ಆರ್ಗ್‌ವಿ ಎಂಬ ಪಟ್ಟಿಗೆ ಆ ಸ್ಟಾರ್ ಬರುವುದೇ ಇಲ್ಲ. ನಮ್ಮ ಆಜ್ಞೆಯನ್ನು ಓದುವ ಶೆಲ್ ಮೊದಲೇ ಡೈರೆಕ್ಟರಿ ನೋಡಿ, ಹೆಸರುಗಳನ್ನು ಹೆಕ್ಕಿ ಸಾಲಾಗಿ ಕೊಟ್ಟಿರುತ್ತದೆ. ಆರಂಭದ ಯುನಿಕ್ಸ್‌ನಲ್ಲಿ ಇದಕ್ಕೆಂದೇ ‘ಗ್ಲಾಬ್’ ಎಂಬ ಬೇರೆ ಪ್ರೋಗ್ರಾಂ ಇತ್ತು. 1979ರ ಏಳನೇ ಆವೃತ್ತಿಯಲ್ಲಿ ಬೋರ್ನ್ ಶೆಲ್ ಆ ಕೆಲಸವನ್ನು ತಾನೇ ವಹಿಸಿಕೊಂಡಿತು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ಗೆ ಅಷ್ಟು ಮುತುವರ್ಜಿ ಇಲ್ಲ, ಸ್ಟಾರನ್ನು ಹಾಗೇ ದಾಟಿಸುತ್ತದೆ. ಮೈಕ್ರೋಸಾಫ್ಟ್ ಕಂಪೈಲರಿನಲ್ಲಾದರೆ ಸೆಟ್‌ಆರ್ಗ್‌ವಿ ಎಂಬ ಆಬ್ಜೆಕ್ಟ್ ಕಡತವನ್ನು ಲಿಂಕ್ ಮಾಡಿಕೊಳ್ಳಬೇಕು, ಇಲ್ಲವೇ ನಾವೇ ಕೋಡ್ ಬರೆದು ಹುಡುಕಬೇಕು.

‘ಎಲ್ಲರೂ’ ಎಂಬುದು ನಿಜಕ್ಕೂ ಇದೆಯೇ, ಬರೀ ಹೆಸರುಗಳ ಪಟ್ಟಿಯೇ? ನ್ಯಾಯದರ್ಶನದ ನೈಯಾಯಿಕರ ಪ್ರಕಾರ ಹಸುಗಳು ಹುಟ್ಟಿ ಸಾಯುತ್ತವೆ, ಗೋತ್ವ, ಅಂದರೆ ಹಸುತನ, ನಿತ್ಯ. ಎಲ್ಲ ಹಸುಗಳಲ್ಲೂ ಇರುವುದು ಅದೇ ಒಂದು. ಬೌದ್ಧ ದಿಙ್ನಾಗ ಒಪ್ಪಲಿಲ್ಲ. ಬಿಡಿಬಿಡಿಯಾದದ್ದೇ ನಿಜ, ಸಾಮಾನ್ಯವೆಂಬುದು ಮನಸ್ಸಿನ ಕಲ್ಪನೆ ಎಂದ. ಯುನಿಕ್ಸ್‌ನ ಸಿ ಪ್ರೋಗ್ರಾಂ ಹೆಚ್ಚುಕಡಿಮೆ ದಿಙ್ನಾಗನ ಲೋಕದಲ್ಲೇ ಬದುಕುತ್ತದೆ.

ನನ್ನನ್ನು ಕಾಡುವುದು ಬೇರೆ: ‘ಎಲ್ಲ’ವನ್ನು ಬಿಡಿಸಿ ಹೇಳುವವರು ಯಾರು? ಸ್ಟಾರ್ ಎಂದರೆ ಎಲ್ಲವೂ ಎಂದು ಹೇಳಿಕೊಡುತ್ತೇವಲ್ಲ, ಪೂರ್ತಿ ನಿಜವಲ್ಲ. ಚುಕ್ಕೆಯಿಂದ ಶುರುವಾಗುವ ಹೆಸರುಗಳನ್ನು ಶೆಲ್ ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಬಿಟ್ಟದ್ದು ಪ್ರೋಗ್ರಾಂಗೆ ತಿಳಿಯುವುದೂ ಇಲ್ಲ. ಬಂದ ಪಟ್ಟಿಯೇ ಲೋಕವೆಂದುಕೊಂಡು ನಿಷ್ಠೆಯಿಂದ ದುಡಿಯುತ್ತದೆ. ಸಹಕುಟುಂಬ ಎಂದಾಗ ಯಾರು ಬಿಟ್ಟುಹೋದರೆಂದು ದೇವರಿಗೆ ಗೊತ್ತಿರುತ್ತದೆ ಎನ್ನಬಹುದು. ನಾನೂ ನಂಬುತ್ತೇನೆ. ಆದರೆ ಅವನ ಸರ್ವಜ್ಞತೆಯಿಂದ ನನಗೇನೂ ರಿಯಾಯಿತಿ ಸಿಗದು, ಸಂಕಲ್ಪ ಮಾಡುವವಳು ನಾನು. ಎಲ್ಲರಿಗೂ ಒಳ್ಳೆಯದಾಗಲಿ ಎಂದು ಸಲೀಸಾಗಿ ಕೈಮುಗಿಯುತ್ತೇನೆ. ಎದುರುಮನೆಯವರ ಹೆಸರು ಹಿಡಿದು ಹಾಗೆ ಹೇಳಿಕೊಳ್ಳಲು ಹೋದರೆ ನಾಲಿಗೆ ತಡವರಿಸುತ್ತದೆ. ಕಾರು ನಿಲ್ಲಿಸುವ ಜಾಗದ ವ್ಯಾಜ್ಯ ಇನ್ನೂ ಮುಗಿದಿಲ್ಲ.